ಟ್ರ್ಯಾಕ್ಟರ್‌ಗೆ ಟ್ರೈಲರ್ ಜೋಡಿಸಿ ಹೊರೆಯೊಂದಿಗೆ ರಸ್ತೆಗಿಳಿಯುವ ಮುನ್ನ

ಕೋಲಾರ ಜಿಲ್ಲೆಯ ಅನೇಕ ಊರುಗಳಲ್ಲಿ ಟ್ರ್ಯಾಕ್ಟರ್ ಉಳುಮೆಗೆ ಇಳಿಯುವ ದಿನಗಳಿಗಿಂತ ಟ್ರೈಲರ್ ಎಳೆಯುವ ದಿನಗಳೇ ಹೆಚ್ಚು ಎಂದರೆ ತಪ್ಪಾಗಲಾರದು. ಮಂಡಿಗೆ ಹೋಗುವ ಟೊಮೆಟೊ ಕ್ರೇಟು, ಬೇಸಿಗೆಯಲ್ಲಿ ಬೀದಿ ಬೀದಿ ಸುತ್ತುವ ನೀರಿನ ಟ್ಯಾಂಕರು, ಕೆರೆಯಂಗಳದ ಹೂಳು, ಕೋಳಿಗೊಬ್ಬರ, ರಾಗಿ ಹುಲ್ಲು, ಮನೆ ಕಟ್ಟುವವರ ಜಲ್ಲಿ ಮರಳು, ಎಲ್ಲವೂ ಟ್ರ್ಯಾಕ್ಟರ್‌ನ ಬೆನ್ನಿಗಿರುವ ಅದೇ ಒಂದು ಕೊಂಡಿಗೆ, ಅಂದರೆ ಹಿಚ್‌ಗೆ, ಜೋತುಬಿದ್ದೇ ಸಾಗಬೇಕು. ಆದರೂ ಉಳುಮೆಯ ಗೇರು, ನೇಗಿಲಿನ ಆಳ, ರೋಟವೇಟರಿನ ಬ್ಲೇಡು ಇವುಗಳ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ನಾವು ಟ್ರೈಲರ್ ಜೋಡಿಸುವುದನ್ನು ಮಾತ್ರ ಹುಡುಗರ ಕೆಲಸವೆಂದು ಬಿಟ್ಟುಬಿಡುತ್ತೇವೆ.

ಮೊದಲು ತೂಕದ ಲೆಕ್ಕವನ್ನು ನೋಡೋಣ. ಸುಮಾರು 45 ಎಚ್.ಪಿ.ಯ ಟ್ರ್ಯಾಕ್ಟರ್ ತಾನೇ ತೂಗುವುದು ಹೆಚ್ಚುಕಡಿಮೆ 2 ಟನ್. ಒಂದು ಸಾವಿರ ಲೀಟರ್ ನೀರೆಂದರೆ ಒಂದು ಟನ್. ಹಾಗಾಗಿ 5,000 ಲೀಟರಿನ ಟ್ಯಾಂಕರಿನಲ್ಲಿ ನೀರೇ 5 ಟನ್, ಅದರ ಮೇಲೆ ತಗಡು, ಅಚ್ಚು ಮತ್ತು ಗಾಲಿಗಳ ತೂಕ ಬೇರೆ. ಕೋಲಾರದ ಮಂಡಿಗೆ ಹೋಗುವ 15 ಕೆ.ಜಿ. ತೂಕದ ಕ್ರೇಟುಗಳನ್ನು 200 ಪೇರಿಸಿದರೆ ಹಣ್ಣೇ 3 ಟನ್ ಆಗುತ್ತದೆ. ತನಗಿಂತ ಎರಡು ಮೂರು ಪಟ್ಟು ಭಾರವಾದದ್ದನ್ನು ಟ್ರ್ಯಾಕ್ಟರ್ ಸಲೀಸಾಗಿ ಎಳೆಯುವುದು ಅದರ ಚಿಕ್ಕ ಗೇರುಗಳ ಬಲದಿಂದ. ನಿಲ್ಲಿಸುವಾಗ ಆ ಬಲ ಉಪಯೋಗಕ್ಕೆ ಬರುವುದಿಲ್ಲ. ನಮ್ಮಲ್ಲಿ ಓಡುವ ಬಹುತೇಕ ಟ್ರ್ಯಾಕ್ಟರ್‌ಗಳ ಬ್ರೇಕ್ ಇರುವುದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಹಳ್ಳಿಯ ಗ್ಯಾರೇಜುಗಳಲ್ಲಿ ಕಟ್ಟಿದ ಎಷ್ಟೋ ಟ್ರೈಲರ್‌ಗಳಿಗೆ ಬ್ರೇಕೇ ಇರುವುದಿಲ್ಲ. ಎಂದ ಮೇಲೆ, ಏರು ಹತ್ತಿದ ಗಾಡಿ ಅದೇ ಏರನ್ನು ಕ್ಷೇಮವಾಗಿ ಇಳಿಯುತ್ತದೆ ಎಂದು ನಂಬುವ ಹಾಗಿಲ್ಲ. ಹೊರೆ ಎಷ್ಟಿರಬೇಕೆಂಬುದನ್ನು ಟ್ರ್ಯಾಕ್ಟರ್ ಎಷ್ಟು ಎಳೆಯಬಲ್ಲದು ಎಂಬುದರಿಂದಲ್ಲ, ಎಷ್ಟನ್ನು ತಡೆದು ನಿಲ್ಲಿಸಬಲ್ಲದು ಎಂಬುದರಿಂದ ತೀರ್ಮಾನಿಸಬೇಕು. ಮುಂದೆ ಹೇಳುವುದೆಲ್ಲ ಇದನ್ನೇ ಹಿಡಿದು ಹೊರಡುತ್ತದೆ.

ಜೋಡಿಸುವ ಕೆಲಸವನ್ನು ಸಮತಟ್ಟಾದ, ಗಟ್ಟಿ ನೆಲದಲ್ಲಿ ಮಾಡಬೇಕು. ಟ್ರೈಲರ್‌ನ ಗಾಲಿಗಳಿಗೆ ಹಿಂದೆಯೂ ಮುಂದೆಯೂ ಕಲ್ಲು ಕೊಟ್ಟ ನಂತರವೇ ಟ್ರ್ಯಾಕ್ಟರನ್ನು ಹಿಂದಕ್ಕೆ ತರಬೇಕು. ಹಿಂದಿನಿಂದ ಮಾತ್ರ ಕಲ್ಲು ಕೊಟ್ಟರೆ, ಟ್ರ್ಯಾಕ್ಟರ್ ತಗುಲಿ ಹಿಂದೆ ಸರಿಯದ ಟ್ರೈಲರ್ ಮರುಕ್ಷಣ ಮುಂದಕ್ಕೆ ಉರುಳಬಹುದು. ಎತ್ತಿನ ಗಾಡಿಯ ಮೂಕಿಯಂತೆ ಟ್ರೈಲರ್‌ನಿಂದ ಮುಂದಕ್ಕೆ ಚಾಚಿರುವ ದಂಡವನ್ನು ಇಲ್ಲಿ ಮೂಕಿ ಎಂದೇ ಕರೆಯುತ್ತೇನೆ. ಅದರ ತುದಿಯ ಬಳೆಯ ಎತ್ತರ ಟ್ರ್ಯಾಕ್ಟರ್‌ನ ಹಿಚ್‌ನ ಎತ್ತರಕ್ಕೆ ಸರಿಹೊಂದುವಂತೆ ಜಾಕಿಯಿಂದ ಮೊದಲೇ ಎತ್ತಿ ನಿಲ್ಲಿಸಿಕೊಳ್ಳಬೇಕು. ಟ್ರ್ಯಾಕ್ಟರ್ ಹಿಂದೆ ಬರುತ್ತಿರುವಾಗ ಒಬ್ಬರು ಮೂಕಿಯನ್ನು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಬ್ಬರು "ಬರ್ಲಿ, ಬರ್ಲಿ" ಎನ್ನುವ ಪದ್ಧತಿ ನಮ್ಮಲ್ಲಿ ಸಾಮಾನ್ಯವಾಗಿದೆ. ಕೈ ಜಜ್ಜುವುದು, ಎದೆ ಸಿಕ್ಕಿಕೊಳ್ಳುವುದು ನಡೆಯುವುದು ಇಲ್ಲಿಯೇ. ಕ್ಲಚ್‌ನಿಂದ ಕಾಲು ಒಂದಿಷ್ಟು ಜಾರಿದರೆ ಟ್ರ್ಯಾಕ್ಟರ್ ಒಂದು ಅಡಿ ಹಿಂದೆ ಬರುತ್ತದೆ. ಮಡ್‌ಗಾರ್ಡಿಗೂ ಟ್ರೈಲರ್‌ನ ಮುಂದಿನ ಹಲಗೆಗೂ ನಡುವೆ ನಿಂತವರಿಗೆ ಆ ಒಂದು ಅಡಿಯೇ ಸಾಕು. ಜೊತೆಗಿರುವವರು ಚಾಲಕನಿಗೆ ಕಾಣುವಂತೆ ಬದಿಯಲ್ಲಿ ನಿಂತು ಕೈಸನ್ನೆ ಮಾಡಬೇಕು. ಚಾಲಕನು ಟ್ರ್ಯಾಕ್ಟರ್ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಬ್ರೇಕ್ ಹಾಕಿ ಲಾಕ್ ಮಾಡಿ, "ಹೂಂ" ಎಂದ ಬಳಿಕವೇ ಅವರು ನಡುವೆ ಹೋಗಬೇಕು. ಬಳೆ ನಾಲ್ಕು ಬೆರಳು ಆಚೆಗಿದ್ದರೆ ಅವರು ಪುನಃ ಹೊರಗೆ ಬರಬೇಕು, ಟ್ರ್ಯಾಕ್ಟರ್ ಪುನಃ ಸರಿಯಬೇಕು. ಇದರಿಂದ ಎರಡು ನಿಮಿಷ ಹೆಚ್ಚಾಗುತ್ತದೆ, ಆಗಲಿ.

ಯಾವ ಜಾಗಕ್ಕೆ ಜೋಡಿಸಬೇಕು ಎಂಬುದರಲ್ಲಿ ರಾಜಿಯೇ ಇಲ್ಲ. ಟ್ರೈಲರ್ ಹಿಚ್ ಯಾವಾಗಲೂ ಹಿಂದಿನ ಅಚ್ಚಿನ ಮಟ್ಟಕ್ಕಿಂತ ಕೆಳಗಿರಬೇಕು. ನೇಗಿಲಿನಂಥ ಉಪಕರಣವನ್ನು ಮೇಲಿನಿಂದ ಹಿಡಿಯುವ ತೋಳು, ಅಂದರೆ ಟಾಪ್ ಲಿಂಕ್, ಕೂರುವ ಜಾಗಕ್ಕೆ ಸರಪಳಿಯನ್ನೋ ಬಾರನ್ನೋ ಸಿಕ್ಕಿಸಿ ಎಳೆದರೆ, ಹೊರೆ ಬಿಗಿದ ಕ್ಷಣದಲ್ಲಿ ಟ್ರ್ಯಾಕ್ಟರ್ ಹಿಂದಿನ ಅಚ್ಚಿನ ಸುತ್ತ ತಿರುಗಿ, ಮುಂದಿನ ಗಾಲಿಗಳು ಆಕಾಶ ನೋಡುತ್ತವೆ. ಪೂರ್ತಿ ಹಿಂದಕ್ಕೆ ಮಗುಚಲು ಎರಡು ಸೆಕೆಂಡೂ ಹಿಡಿಯುವುದಿಲ್ಲ. ಹೂಳಿನಲ್ಲಿ ಹೂತ ಟ್ರೈಲರನ್ನು ಇನ್ನೊಂದು ಟ್ರ್ಯಾಕ್ಟರ್ ತಂದು ಎಳೆಸುವ ಅವಸರದಲ್ಲಿ ಈ ತಪ್ಪು ನಡೆಯುವುದುಂಟು. ಅದೇ ರೀತಿ, ಉಪಕರಣಗಳನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ತೋಳುಗಳ ನಡುವೆ ಸಿಕ್ಕಿಸುವ ತೂತುಪಟ್ಟಿಗೆ ಭಾರದ ಟ್ರೈಲರ್ ಕಟ್ಟುವುದು ಸರಿಯಲ್ಲ. ದಾರಿಯಲ್ಲಿ ಯಾರದೋ ಕೈ ಅಥವಾ ಮೊಣಕಾಲು ತಗುಲಿ ಹೈಡ್ರಾಲಿಕ್ ಲಿವರ್ ಮೇಲೆದ್ದರೆ, ಎಳೆಯುವ ಬಿಂದುವೂ ಅದರೊಂದಿಗೆ ಮೇಲೇರುತ್ತದೆ. ಟ್ರೈಲರ್‌ಗೆಂದೇ ಟ್ರ್ಯಾಕ್ಟರ್‌ನ ಮೈಗೆ ಬೋಲ್ಟ್ ಮಾಡಿರುವ ಹಿಚ್ ಒಂದೇ ಅದಕ್ಕೆ ಯೋಗ್ಯವಾದ ಜಾಗ.

ಇನ್ನು ಮೂಕಿಯ ಬಳೆಯನ್ನು ಹಿಚ್‌ಗೆ ಕೂಡಿಸುವ ಪಿನ್ನಿನ ವಿಷಯ. ಒಂದೆರಡು ವರ್ಷ ಹೂಳು ಹೊಡೆದ ಟ್ರೈಲರ್‌ನ ಪಿನ್ನನ್ನು ಹೊರತೆಗೆದು ಗ್ರೀಸ್ ಒರೆಸಿ ಬೆಳಕಿಗೆ ಹಿಡಿದರೆ, ಮೇಲೂ ಕೆಳಗೂ ಮೊದಲಿನ ದಪ್ಪವೇ ಇದ್ದು ಬಳೆ ಕೂರುವ ನಡುಭಾಗ ಮಾತ್ರ ಸವೆದು ಸೊಂಟದಂತೆ ಸಣ್ಣಗಾಗಿರುವುದು ಕಾಣುತ್ತದೆ. ಸವೆದ ಜಾಗ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಉಗುರಿನಿಂದ ಗೀರಿದರೆ ಅಂಚು ತಡೆಯುತ್ತದೆ. ಬಳೆಯ ಒಳಮೈಯನ್ನೂ ನೋಡಬೇಕು: ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಎರಡೂ ಸವೆದಾಗ ಪ್ರತಿ ಸಲ ಗೇರು ಬದಲಿಸಿದಾಗಲೂ ಬ್ರೇಕ್ ಒತ್ತಿದಾಗಲೂ "ಟಣ್" ಎಂಬ ಪೆಟ್ಟು ಬೀಳುತ್ತದೆ, ಆ ಪೆಟ್ಟೇ ಸವೆತವನ್ನು ಇನ್ನಷ್ಟು ಬೆಳೆಸುತ್ತದೆ. ಕಿವಿಗೆ ಈ ಸದ್ದು ರೂಢಿಯಾಗಿ ಹೋಗುವುದೇ ಅಪಾಯ. ಪಿನ್ನು ಹಿಚ್‌ನ ತೂತಿಗೆ ಸರಿಯಾದ ದಪ್ಪದ್ದಾಗಿರಬೇಕು, ಮೇಲಿನಿಂದ ಕೆಳಕ್ಕೆ ಇಳಿದಿರಬೇಕು, ಕೆಳತುದಿಯಲ್ಲಿ ಸ್ಪ್ರಿಂಗ್ ಕ್ಲಿಪ್ ಇರಬೇಕು. ಕಟ್ಟಡದ ಕಂಬಿ ತುಂಡು, ಹಳೆಯ ಬೋಲ್ಟು, ಕ್ಲಿಪ್ಪಿನ ಬದಲಿಗೆ ಸುತ್ತಿದ ಬೈಂಡಿಂಗ್ ತಂತಿ, ಇವು ಮಂಡಿಯ ಗೇಟಿನವರೆಗೂ ಏನೂ ಆಗದೆ ತಲುಪಿಸಬಹುದು. ಹಾಗೆ ತಲುಪಿಸಿದ ಕಾರಣಕ್ಕೇ ಮರುದಿನವೂ ಅದೇ ಕಂಬಿ ಅಲ್ಲಿರುತ್ತದೆ. ಹಿಚ್ ಪಿನ್ನಿನ ಬೆಲೆ ಎರಡು ಕ್ರೇಟು ಟೊಮೆಟೊವಿನ ಬೆಲೆಯೊಂದಿಗೆ ಹೋಲಿಸಿ ನೋಡುವಷ್ಟೇ ಇರುತ್ತದೆ. ಅದರಲ್ಲಿ ಉಳಿತಾಯ ಮಾಡುವುದರಲ್ಲಿ ಅರ್ಥವಿಲ್ಲ.

ಪಿನ್ನು ಹೋದರೂ ಟ್ರೈಲರ್ ಹೋಗದಂತೆ ಕಾಯುವುದು ಸರಪಳಿ. ಇದನ್ನು ಕಟ್ಟುವವರು ನಮ್ಮಲ್ಲಿ ಬಹಳ ಕಡಿಮೆ. ಅಮೆರಿಕದಲ್ಲಿ ಕಾರಿನ ಹಿಂದೆ ದೋಣಿಯ ಟ್ರೈಲರ್ ಎಳೆಯುವವರು ಸಹ ಮೂಕಿಯ ಕೆಳಗೆ ಎರಡು ಸರಪಳಿಗಳನ್ನು ಒಂದರ ಮೇಲೊಂದು ಅಡ್ಡ ಹಾಯಿಸಿ ಕಟ್ಟುತ್ತಾರೆ: ಜೋಡಣೆ ಕಳಚಿದರೆ ಮೂಕಿ ನೆಲಕ್ಕೆ ಕುತ್ತಿಕೊಳ್ಳದೆ ಆ ಅಡ್ಡ ಸರಪಳಿಗಳ ಮೇಲೆ ಬಂದು ಕೂರಲಿ ಎಂಬುದು ಲೆಕ್ಕ. ನಮ್ಮ ಟ್ರ್ಯಾಕ್ಟರ್‌ಗೂ ಅದೇ ಕ್ರಮ ಸಲ್ಲುತ್ತದೆ. ಸರಪಳಿ ಹೊರೆಯ ತೂಕಕ್ಕೆ ತಕ್ಕಷ್ಟು ಗಟ್ಟಿ ಇರಬೇಕು, ತಿರುವಿನಲ್ಲಿ ಬಿಗಿಯದಷ್ಟು ಸಡಿಲವಿರಬೇಕು, ಆದರೆ ನೆಲಕ್ಕೆ ಒರೆಸುವಷ್ಟು ಜೋಲಬಾರದು. ಬಹಳ ಮುಖ್ಯವಾಗಿ, ಅದನ್ನು ಅದೇ ಪಿನ್ನಿಗೆ ಸಿಕ್ಕಿಸಬಾರದು. ಪಿನ್ನು ಮುರಿದರೆ ಸರಪಳಿಯೂ ಅದರೊಂದಿಗೇ ಬಿದ್ದುಹೋಗುತ್ತದೆ.

ಲೈಟಿನ ಪ್ಲಗ್ ಚುಚ್ಚಿ ಹಿಂದಿನ ಕೆಂಪು ದೀಪ, ಬ್ರೇಕ್ ದೀಪ, ಎರಡೂ ಇಂಡಿಕೇಟರ್ ಉರಿಯುತ್ತವೆಯೇ ಎಂದು ಒಬ್ಬರು ಹಿಂದೆ ನಿಂತು ನೋಡಬೇಕು. ಹೊಳೆಯುವ ಪಟ್ಟಿಯನ್ನು ಎಲ್ಲರೂ ಅಂಟಿಸಿರುತ್ತಾರೆ, ಆದರೆ ಗೊಬ್ಬರ ಹೊಡೆದ ಮೇಲೆ ಅದು ಸಗಣಿಬಣ್ಣಕ್ಕೆ ತಿರುಗಿರುತ್ತದೆ. ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸದಿದ್ದರೆ ಅದಿದ್ದೂ ಇಲ್ಲದಂತೆ. ರಾಗಿ ಹುಲ್ಲಿನ ಹೊರೆ ಹಿಂದಕ್ಕೆ ಜೋತುಬಿದ್ದು ದೀಪಗಳನ್ನೂ ನಂಬರ್ ಪ್ಲೇಟನ್ನೂ ಮುಚ್ಚುವುದರಿಂದ, ಅಂಥ ಹೊರೆಯನ್ನು ಹಗಲಿನಲ್ಲಿಯೇ ಸಾಗಿಸುವುದು ಒಳ್ಳೆಯದು.

ರಸ್ತೆಗಿಳಿಯುವ ಮುನ್ನ ಮರೆಯಲೇಬಾರದ ಒಂದು ಚಿಲಕವಿದೆ. ಹೊಲದಲ್ಲಿ ಮೂಲೆ ತಿರುಗಲು ಅನುಕೂಲವಾಗಲೆಂದು ಟ್ರ್ಯಾಕ್ಟರ್‌ಗೆ ಹಿಂದಿನ ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು ಬ್ರೇಕ್ ಪೆಡಲ್ ಕೊಟ್ಟಿರುತ್ತಾರೆ. ಉಳುಮೆ ಮುಗಿಸಿ ನೇರವಾಗಿ ಟ್ರೈಲರ್ ಕಟ್ಟಿಕೊಂಡು ಹೊರಟವರು ಅವೆರಡನ್ನೂ ಜೋಡಿಸುವ ಚಿಲಕ ಹಾಕದೆ ಇದ್ದರೆ, ಅವಸರದಲ್ಲಿ ಕಾಲು ಒಂದೇ ಪೆಡಲಿನ ಮೇಲೆ ಬೀಳುತ್ತದೆ, ಒಂದೇ ಗಾಲಿ ಹಿಡಿಯುತ್ತದೆ, ಟ್ರ್ಯಾಕ್ಟರ್ ಆ ಬದಿಗೆ ಥಟ್ಟನೆ ತಿರುಗುತ್ತದೆ ಮತ್ತು ಹಿಂದಿನ ಐದಾರು ಟನ್ ಅದನ್ನು ನೇರವಾಗಿಯೇ ತಳ್ಳುತ್ತದೆ. ಮಗುಚಲು ಬೇರೇನೂ ಬೇಕಾಗುವುದಿಲ್ಲ. ಚಿಲಕ ಹಾಕಿದ ಮೇಲೆಯೂ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಒಮ್ಮೆ ಬ್ರೇಕ್ ಒತ್ತಿ, ಎರಡು ಗಾಲಿಗಳೂ ಸಮನಾಗಿ ಹಿಡಿಯುತ್ತವೆಯೇ ಎಂದು ಪರೀಕ್ಷಿಸಬೇಕು. ಟ್ರೈಲರ್‌ಗೆ ಬ್ರೇಕ್ ಇದ್ದರೆ ಅದನ್ನೂ ಜೋಡಿಸಬೇಕು. ಹೊಸದಾಗಿ ಟ್ರೈಲರ್ ಮಾಡಿಸುವವರು ಬ್ರೇಕ್ ಇರುವುದನ್ನೇ ಮಾಡಿಸಲಿ ಎಂಬುದು ನನ್ನ ಒತ್ತಾಯ.

ಹೊರೆಯನ್ನು ಹೇಗೆ ಹಂಚಬೇಕು ಎಂಬುದು ಎರಡು ಗಾಲಿಯ ಟ್ರೈಲರ್‌ನಲ್ಲಿ ನಾಲ್ಕು ಗಾಲಿಯದಕ್ಕಿಂತ ಸೂಕ್ಷ್ಮವಾದ ವಿಷಯ. ಎರಡು ಗಾಲಿಯದರಲ್ಲಿ ಭಾರವು ಅಚ್ಚಿಗಿಂತ ಸ್ವಲ್ಪ ಮುಂದೆ ಬೀಳಬೇಕು. ಆಗ ಮೂಕಿ ಹಿಚ್ಚನ್ನು ಕೆಳಕ್ಕೆ ಒತ್ತಿ, ಟ್ರ್ಯಾಕ್ಟರ್‌ನ ಹಿಂದಿನ ಗಾಲಿಗಳಿಗೆ ನೆಲದ ಹಿಡಿತ ಸಿಗುತ್ತದೆ. ಭಾರವೆಲ್ಲ ಹಿಂದೆ ಬಿದ್ದರೆ ಮೂಕಿ ಹಿಚ್ಚನ್ನು ಮೇಲಕ್ಕೆ ಎತ್ತುತ್ತಾ ಹೋಗುತ್ತದೆ, ಗಾಲಿ ಏರಿನಲ್ಲಿ ಸುತ್ತುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಜಾರುತ್ತದೆ. ತೀರಾ ಮುಂದೆ ಬಿದ್ದರೆ ಟ್ರ್ಯಾಕ್ಟರ್‌ನ ಮುಂಭಾಗ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಸ್ಟೇರಿಂಗ್ ಹಗುರಾಯಿತು ಎಂದು ಕೈಗೆ ಅನ್ನಿಸಿದರೆ ಅದನ್ನು ಸುಖವೆಂದು ಭಾವಿಸದೆ ಗಾಡಿ ನಿಲ್ಲಿಸಿ ಹೊರೆಯನ್ನು ಹಿಂದಕ್ಕೆ ಸರಿಸಬೇಕು. ಹೂಳನ್ನು ಜೆಸಿಬಿಯವರು ತಮಗೆ ಅನುಕೂಲವಾದ ಕಡೆ ಸುರಿದುಬಿಡುತ್ತಾರೆ. ಎಲ್ಲಿ ಸುರಿಯಬೇಕೆಂದು ಟ್ರ್ಯಾಕ್ಟರ್‌ನವರೇ ನಿಂತು ಹೇಳಬೇಕು. ಕ್ರೇಟುಗಳನ್ನು ಹಲಗೆಗಿಂತ ಎತ್ತರಕ್ಕೆ ಪೇರಿಸಿದರೆ ಹಗ್ಗ ಅಡ್ಡಕ್ಕೂ ಉದ್ದಕ್ಕೂ ಬೀಳಬೇಕು, ಎರಡು ಮೂರು ಕಿಲೋಮೀಟರ್ ಹೋದ ಮೇಲೆ ಸಡಿಲವಾದ ಹಗ್ಗವನ್ನು ಮತ್ತೊಮ್ಮೆ ಬಿಗಿಯಬೇಕು.

ನೀರಿನ ಟ್ಯಾಂಕರಿಗೆ ಬೇರೆಯದೇ ನಡತೆ. ಪೂರ್ತಿ ತುಂಬಿದ ಟ್ಯಾಂಕರಿಗಿಂತ ಅರ್ಧ ತುಂಬಿದ್ದು ಹೆಚ್ಚು ಅಪಾಯಕಾರಿ ಎಂಬುದನ್ನು ಹೊಸಬರು ಸುಲಭವಾಗಿ ನಂಬುವುದಿಲ್ಲ. ತುಂಬಿದ ನೀರಿಗೆ ಅಲುಗಾಡಲು ಜಾಗವಿಲ್ಲ. ಅರ್ಧ ನೀರು ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗಿ ಟ್ರ್ಯಾಕ್ಟರನ್ನು ಎರಡನೆಯ ಬಾರಿ ತಳ್ಳುತ್ತದೆ, ತಿರುವಿನಲ್ಲಿ ಹೊರಬದಿಯ ಗೋಡೆಗೆ ಏರಿ ಟ್ಯಾಂಕರನ್ನು ಆ ಕಡೆಗೆ ಒರಗಿಸುತ್ತದೆ. ಒಳಗೆ ಅಡ್ಡ ತಗಡುಗಳಿದ್ದರೆ ಮುಂದೆ ಹಿಂದೆ ನುಗ್ಗುವುದು ಕಡಿಮೆಯಾಗುತ್ತದೆ, ಆದರೆ ಪಕ್ಕಕ್ಕೆ ಹೊರಳುವುದಕ್ಕೆ ಅದು ಪರಿಹಾರವಲ್ಲ. ಮನೆಮನೆಗೆ ಸ್ವಲ್ಪ ಸ್ವಲ್ಪ ಬಿಡುತ್ತಾ ಹೋಗುವವರು ಇದಕ್ಕೇ ತಿರುವುಗಳಲ್ಲಿ ನಡಿಗೆಯ ವೇಗಕ್ಕೆ ಇಳಿಯಬೇಕು.

ರಸ್ತೆಯಲ್ಲಿ ಮೊದಲ ಪಾಠ ಇಳಿಜಾರಿನದು. ಏರು ಹತ್ತಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಬೇಕು, ಮತ್ತು ಆ ಗೇರನ್ನು ಇಳಿಜಾರು ಆರಂಭವಾಗುವ ಮೊದಲೇ ಹಾಕಿರಬೇಕು. ನಡುವೆ ಗೇರು ಬದಲಿಸಲು ಕ್ಲಚ್ ಒತ್ತಿದ ಕ್ಷಣದಲ್ಲಿ ಎಂಜಿನ್ ಗಾಲಿಯಿಂದ ಬೇರಾಗುತ್ತದೆ, ಹೊರೆ ತಳ್ಳತೊಡಗುತ್ತದೆ, ಮತ್ತೆ ಗೇರು ಕೂರದೆ ಹೋದರೆ ಉಳಿಯುವುದು ಬ್ರೇಕ್ ಒಂದೇ. ನ್ಯೂಟ್ರಲ್‌ನಲ್ಲಿ ಬಿಟ್ಟು ಡೀಸೆಲ್ ಉಳಿಸುವ ಜಾಣತನ ಕೆರೆಯ ಏರಿಯಿಂದ ಇಳಿಯುವ ಸಣ್ಣ ದಾರಿಯಲ್ಲೂ ಬೇಡ. ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾಗುವ ಬ್ರೇಕಿನ ದೂರ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 25 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 7 ಮೀಟರ್. ಎದುರಿನ ಬೈಕು ಕಂಡು ಕಾಲು ಬ್ರೇಕಿನ ಮೇಲೆ ಬೀಳುವಷ್ಟರಲ್ಲಿಯೇ ಅಷ್ಟು ದೂರ ಕಳೆದಿರುತ್ತದೆ.

ತಿರುವಿಗೆ ಮುನ್ನ, ಟ್ರ್ಯಾಕ್ಟರ್ ಮತ್ತು ಟ್ರೈಲರ್ ಒಂದೇ ಸಾಲಿನಲ್ಲಿರುವಾಗಲೇ ವೇಗ ಇಳಿಸಬೇಕು. ತಿರುವಿನ ಮಧ್ಯೆ ಬ್ರೇಕ್ ಒತ್ತಿದರೆ ಹಿಂದಿನ ಹೊರೆ ಟ್ರ್ಯಾಕ್ಟರ್‌ನ ಬೆನ್ನನ್ನು ಪಕ್ಕಕ್ಕೆ ತಳ್ಳಿ, ಎರಡೂ ಮಡಿಚಿಕೊಳ್ಳುತ್ತವೆ. ಮೊದಲ ಮಳೆ ಬಿದ್ದ ಟಾರು ರಸ್ತೆಯಲ್ಲಿ ಇದು ಬಲು ಬೇಗ ನಡೆಯುತ್ತದೆ. ನಮ್ಮ ಕಡೆ ಇನ್ನೊಂದು ಜಾರುವ ನೆಲವೂ ಇದೆ: ಸುಗ್ಗಿಯ ಕಾಲದಲ್ಲಿ ಒಕ್ಕಣೆಗೆಂದು ರಸ್ತೆಯ ಮೇಲೆಯೇ ಹರಡುವ ರಾಗಿ ಮತ್ತು ಹುರುಳಿ. ಗಾಡಿಗಳು ತುಳಿದು ನುಣುಪಾದ ಆ ಹುಲ್ಲಿನ ಹಾಸಿನ ಮೇಲೆ ಬ್ರೇಕಿಗೆ ಹಿಡಿತವೇ ಸಿಗುವುದಿಲ್ಲ. ಅದನ್ನು ಕಂಡ ಕೂಡಲೇ, ಅದರ ಮೇಲೆ ಹೋಗುವ ಮೊದಲೇ, ವೇಗ ತಗ್ಗಿಸಬೇಕು. ಟ್ರೈಲರ್‌ನ ಗಾಲಿಗಳು ಟ್ರ್ಯಾಕ್ಟರ್‌ಗಿಂತ ಒಳಬದಿಯಲ್ಲಿ ತಿರುಗುವುದರಿಂದ ಊರೊಳಗಿನ ಮೂಲೆಗಳಲ್ಲಿ ಅಗಲವಾಗಿ ಹೋಗಿ ತಿರುಗಬೇಕು. ಇಲ್ಲದಿದ್ದರೆ ಮೂಲೆಯ ಕಟ್ಟೆಯ ಮೇಲೆ ಕೂತವರ ಕಾಲಿನ ಮೇಲೆ ಗಾಲಿ ಹತ್ತುತ್ತದೆ.

ಏರು ಹತ್ತುವಾಗ, ಅದರಲ್ಲೂ ಕೆರೆಯಂಗಳದಿಂದ ಹೂಳು ತುಂಬಿಕೊಂಡು ಏರಿಯ ಮೇಲೆ ಬರುವಾಗ, ಕ್ಲಚ್ಚನ್ನು ನಿಧಾನವಾಗಿ ಬಿಡಬೇಕು. ಮುಂದಿನ ಗಾಲಿಗಳು ನೆಲ ಬಿಟ್ಟ ಸುಳಿವು ಸಿಕ್ಕಿದೊಡನೆ ಕ್ಲಚ್ ಒತ್ತಬೇಕು. ವೇಗ ಹೆಚ್ಚಿಸಿದರೆ ಹತ್ತಿಬಿಡುತ್ತದೆ ಎಂಬ ಆಸೆ ಬೇಡ. ಗಾಡಿ ಅರ್ಧದಲ್ಲಿ ನಿಂತುಹೋದರೆ ಬ್ರೇಕ್ ಲಾಕ್ ಮಾಡಿ, ಟ್ರೈಲರ್‌ನ ಗಾಲಿಗಳಿಗೆ ಕಲ್ಲು ಕೊಟ್ಟು, ಹೊರೆಯಲ್ಲಿ ಅರ್ಧ ಇಳಿಸಿಯೇ ಮುಂದುವರಿಯುವುದು ಲೇಸು. ಕೆಲಸ ಮುಗಿದ ಮೇಲೆ ಆ ಕಲ್ಲುಗಳನ್ನು ರಸ್ತೆಯ ಮೇಲೆಯೇ ಬಿಟ್ಟು ಹೋಗುವವರ ಬಗ್ಗೆ ಹೇಳದೆ ಇರಲಾರೆ: ಕತ್ತಲಾದ ಮೇಲೆ ಬೈಕಿನಲ್ಲಿ ಬರುವವರಿಗೆ ಆ ಕಲ್ಲೇ ಯಮ.

ಮೂಕಿಯ ಮೇಲೆ ನಿಂತು, ಮಡ್‌ಗಾರ್ಡಿನ ಮೇಲೆ ಕೂತು, ಕ್ರೇಟಿನ ಮೇಲೆ ಮಲಗಿ ಯಾರೂ ಬರಬಾರದು. ಮೂಕಿಯಿಂದ ಬಿದ್ದವರು ಬೀಳುವುದು ಟ್ರೈಲರ್‌ನ ಗಾಲಿಯ ದಾರಿಯಲ್ಲಿಯೇ. ಮೋಟಾರು ವಾಹನ ಕಾಯ್ದೆ, 1988 ಟ್ರೈಲರನ್ನೂ ಮೋಟಾರು ವಾಹನವೆಂದೇ ಪರಿಗಣಿಸುವುದರಿಂದ, ಟ್ರ್ಯಾಕ್ಟರ್‌ನ ಕಾಗದಪತ್ರಗಳೊಂದಿಗೆ ಟ್ರೈಲರ್‌ನ ನೋಂದಣಿ ಮತ್ತು ವಿಮೆಯನ್ನೂ ನೋಡಿಕೊಂಡಿರಬೇಕು. ಜಾತ್ರೆಗೋ ಮದುವೆಗೋ ಜನರನ್ನು ತುಂಬಿಕೊಂಡು ಹೋಗುವಾಗ ಅಪಘಾತವಾದರೆ, ವಿಮಾ ಕಂಪನಿ ಪರಿಹಾರಕ್ಕೆ ತಕರಾರು ತೆಗೆಯುವುದು ಮೊದಲು ಜನರನ್ನು ತುಂಬಿದ್ದ ಕಾರಣಕ್ಕೇ.

ಕೋಲಾರ, ಮುಳಬಾಗಿಲು, ವಡ್ಡಹಳ್ಳಿ ಕಡೆಗೆ ಹೋಗುವವರಿಗೆ ರಾಷ್ಟ್ರೀಯ ಹೆದ್ದಾರಿ 75 ತಪ್ಪುವುದಿಲ್ಲ. ಸರ್ವಿಸ್ ರಸ್ತೆ ಇರುವಲ್ಲೆಲ್ಲ ಅದನ್ನೇ ಹಿಡಿಯಬೇಕು. ಎದುರು ದಿಕ್ಕಿನಲ್ಲಿ ಅರ್ಧ ಕಿಲೋಮೀಟರ್ ಹೋಗಿ ತಿರುವು ಉಳಿಸುವ ಅಭ್ಯಾಸ ಟ್ರೈಲರ್ ಇದ್ದಾಗ ಅತಿ ದುಬಾರಿ. ಸುಲಭವಾಗಿ ಹಿಂದೆ ಸರಿಯಲೂ ಆಗದ ಗಾಡಿ ಅದು. ದಾರಿಯಲ್ಲಿ ಒಮ್ಮೆ ನಿಲ್ಲಿಸಿ ಟ್ರೈಲರ್‌ನ ಗಾಲಿಯ ನಡುವಿನ ಗುಂಬದ, ಅಂದರೆ ಹಬ್ಬಿನ, ಹತ್ತಿರ ಅಂಗೈ ಒಯ್ಯಬೇಕು. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗಿನಲ್ಲಿ ಗ್ರೀಸ್ ಇಲ್ಲ ಅಥವಾ ಬೇರಿಂಗೇ ಹೋಗಿದೆ. ಮುಂದಿನ ಹತ್ತು ಕಿಲೋಮೀಟರಿನಲ್ಲಿ ಗಾಲಿ ಕಳಚುವುದನ್ನು ಕಾಯುವುದಕ್ಕಿಂತ ಅಲ್ಲಿಯೇ ಮೆಕ್ಯಾನಿಕ್ ಕರೆಸುವುದು ಒಳ್ಳೆಯದು. ಗಾಲಿಯ ನಟ್ಟುಗಳ ಸುತ್ತ ತುಕ್ಕಿನ ಗೆರೆ ಹೊರಟಿದ್ದರೆ ಅವು ಸಡಿಲವಾಗಿವೆ ಎಂದೇ ತಿಳಿಯಬೇಕು. ಕತ್ತಲಲ್ಲಿ ಕೆಟ್ಟು ನಿಂತ ಟ್ರೈಲರ್‌ಗೆ ಹಿಂದಿನಿಂದ ಬಂದು ಗುದ್ದುವುದು ಹೆದ್ದಾರಿಯಲ್ಲಿ ಪದೇ ಪದೇ ಕೇಳಿಬರುವ ಸುದ್ದಿಯಾದ್ದರಿಂದ, ಹೊಳೆಯುವ ತ್ರಿಕೋನವನ್ನು ಸಾಕಷ್ಟು ಹಿಂದೆ ಇಟ್ಟು, ಗಾಡಿಯನ್ನು ಆದಷ್ಟು ರಸ್ತೆಯಿಂದ ಕೆಳಗೆ ಇಳಿಸಬೇಕು.

ಹಿಂದಕ್ಕೆ ಓಡಿಸುವಾಗ ಟ್ರೈಲರ್ ಎಡಕ್ಕೆ ಹೋಗಬೇಕೆಂದರೆ ಸ್ಟೇರಿಂಗ್ ಬಲಕ್ಕೆ ತಿರುಗಬೇಕು, ಅದೂ ಸ್ವಲ್ಪ ಸ್ವಲ್ಪವೇ. ನಾಲ್ಕು ಗಾಲಿಯ ಟ್ರೈಲರ್ ಹಿಚ್‌ನಲ್ಲೂ ತನ್ನ ಮುಂದಿನ ಅಚ್ಚಿನಲ್ಲೂ ಹೀಗೆ ಎರಡು ಕಡೆ ಮಡಿಚುವುದರಿಂದ ಅದನ್ನು ಇಕ್ಕಟ್ಟಿನಲ್ಲಿ ಹಿಂದೆ ತಳ್ಳುವ ಹಟ ಬಿಟ್ಟು, ಕಳಚಿ ಬೇರೆ ಕಡೆಯಿಂದ ಜೋಡಿಸುವುದೇ ಬೇಗ. ತೊಟ್ಟಿಯನ್ನು ಎತ್ತಿ ಸುರಿಯುವ ಹೈಡ್ರಾಲಿಕ್ ಟ್ರೈಲರ್ ಎತ್ತುವ ಮುನ್ನ ಮೇಲೆ ವಿದ್ಯುತ್ ತಂತಿ ಇಲ್ಲವೆಂದು ಕಣ್ಣೆತ್ತಿ ನೋಡಬೇಕು, ನೆಲ ಒಂದು ಬದಿಗೆ ವಾಲಿರಬಾರದು, ಎತ್ತಿದ ತೊಟ್ಟಿಯ ಕೆಳಗೆ ಊರುಗೋಲು ಕೊಡದೆ ಯಾರೂ ತಲೆ ಹಾಕಬಾರದು.

ಕಳಚುವ ಕೆಲಸ ಜೋಡಿಸಿದ್ದರ ತಿರುಗುಮುರುಗು. ಎರಡು ಗಾಲಿಯ ಟ್ರೈಲರನ್ನು ಹೊರೆ ಇರುವಾಗ ಕಳಚಬಾರದು. ಮಂಡಿಯಲ್ಲಿ ಕೂಲಿಯವರು ಮುಂದಿನ ಕ್ರೇಟುಗಳನ್ನು ಮೊದಲು ಇಳಿಸಿ ಹಿಂದಿನವು ಹಾಗೆಯೇ ಉಳಿದಿದ್ದಾಗ ಪಿನ್ನು ತೆಗೆದರೆ, ಮೂಕಿ ಏಕಾಏಕಿ ಮೇಲೆದ್ದು ಬಗ್ಗಿ ನಿಂತವರ ಗದ್ದಕ್ಕೆ ಬಡಿಯುತ್ತದೆ. ಗಾಲಿಗೆ ಕಲ್ಲು ಕೊಟ್ಟು, ಮೂಕಿಯ ಕೆಳಗೆ ಜಾಕಿ ನಿಲ್ಲಿಸಿ, ಲೈಟಿನ ಪ್ಲಗ್, ಹೈಡ್ರಾಲಿಕ್ ಪೈಪು, ಸರಪಳಿ ಇವನ್ನು ಬಿಡಿಸಿ, ಕೊನೆಯಲ್ಲಿ ಪಿನ್ನು ತೆಗೆಯಬೇಕು. ತೆಗೆದ ಪಿನ್ನನ್ನು ಟ್ರೈಲರ್‌ನ ಮೇಲೆ ಎಸೆಯದೆ, ಟ್ರ್ಯಾಕ್ಟರ್‌ನ ಹಿಚ್‌ಗೇ ಇಳಿಸಿ ಕ್ಲಿಪ್ ಹಾಕಿಡಬೇಕು; ಮರುದಿನ ಬೆಳಗಿನ ಜಾವ ಪಿನ್ನು ಸಿಗಲಿಲ್ಲವೆಂದು ಕಂಬಿ ತುಂಡು ಹುಡುಕುವ ಪ್ರಸಂಗ ಆಗ ಬರುವುದಿಲ್ಲ.